ಮುಧೋಳದ ಕುನ್ನಿ ಏನುಂಡು ಬದುಕಿತು?

ಮುಧೋಳ ನಾಯಿಯ ಬಗ್ಗೆ ಯಾರನ್ನೇ ಕೇಳಿ, ಒಂದೇ ಕಥೆ ಬರುತ್ತದೆ. ಮುಧೋಳದ ಘೋರ್ಪಡೆ ಮಹಾರಾಜರು ಈ ತಳಿಯನ್ನು ಉಳಿಸಿದರು, ಇಂಗ್ಲೆಂಡಿನ ದೊರೆ 5ನೆಯ ಜಾರ್ಜನಿಗೆ ಒಂದು ಜೋಡಿ ಕೊಟ್ಟರು, ಅಲ್ಲಿಂದ ಹೆಸರು ಬಂತು. ಕಥೆ ಸುಳ್ಳಲ್ಲ. ಆದರೆ ಅದು ಅರಮನೆಯ ಕಥೆ. ಅರಮನೆಯ ಆಚೆ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ತೋಟದ ಮನೆಗಳಲ್ಲಿ, ಕುರಿ ಹಟ್ಟಿಗಳಲ್ಲಿ ಈ ನಾಯಿ ಎಷ್ಟೋ ತಲೆಮಾರು ಈದು, ಬೆಳೆದು, ಉಳಿದು ಬಂದಿದೆ. ಅಲ್ಲಿ ಅದಕ್ಕೆ ಯಾವ ರಾಜನ ಅಡುಗೆಮನೆಯೂ ಇರಲಿಲ್ಲ.

ಹಾಗಾದರೆ ಅದು ಏನು ತಿಂದು ಬದುಕಿತು? ಅದರಲ್ಲೂ ಕುನ್ನಿಗಳು? (ನಮ್ಮ ಕಡೆ ನಾಯಿಮರಿಗೆ ಕುನ್ನಿ ಅಂತಾರೆ, ಬೆಂಗಳೂರಿನ ಓದುಗರಿಗಾಗಿ ಹೇಳಿದೆ.) ಒಂದು ತಳಿ ಉಳಿಯುವುದು ದೊಡ್ಡ ನಾಯಿಯ ಓಟದಿಂದಲ್ಲ, ಹುಟ್ಟಿದ ಮರಿಗಳಲ್ಲಿ ಎಷ್ಟು ಮೂರು ತಿಂಗಳು ದಾಟುತ್ತವೆ ಅನ್ನುವುದರಿಂದ. ಆ ಮೂರು ತಿಂಗಳ ಲೆಕ್ಕವೆಲ್ಲ ಹೊಟ್ಟೆಯದು. ಹಾಗಾಗಿ ಈ ಸಲ ಮುಧೋಳ ನಾಯಿಯ ಇತಿಹಾಸವನ್ನು ಅದರ ಹೊಟ್ಟೆಯ ಕಡೆಯಿಂದ ನೋಡೋಣ ಅನ್ನಿಸಿತು.

ಮೊದಲು ಸ್ವಲ್ಪ ಹಳೆಯ ಸಂಗತಿ

ಕನ್ನಡ ನಾಡಿನಲ್ಲಿ ನಾಯಿಗೆ ಗೌರವ ಇತ್ತೇ ಎಂದು ಕೇಳುವವರಿಗೆ ಆತಕೂರಿನ ಕಲ್ಲು ಉತ್ತರ ಕೊಡುತ್ತದೆ. ಕ್ರಿ.ಶ. 949-50ರ ಶಾಸನ ಅದು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೇರ ಎಂಬ ವೀರನಿಗೆ ಕಾಳಿ ಎಂಬ ಬೇಟೆನಾಯಿ ಬಹುಮಾನವಾಗಿ ಸಿಕ್ಕಿತ್ತು. ಅದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿ ಉಣ್ಣುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದು ಎಂದು ಬರೆಸಿದರು. ನಾಯಿಗೆ ಸಲ್ಲಬೇಕಾದದ್ದು ಸಂದ ಮೇಲೆ ಮನುಷ್ಯನ ಊಟ! ಕವಿ ರನ್ನ ನಮ್ಮ ಮುಧೋಳದಲ್ಲಿ ಹುಟ್ಟಿದ್ದೂ 949ರಲ್ಲೇ ಎನ್ನುತ್ತಾರೆ. ಕಾಕತಾಳೀಯ ಅಷ್ಟೆ, ಆದರೆ ಹೇಳಲು ಖುಷಿ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ (12ನೆಯ ಶತಮಾನ) ರಾಜನ ವಿನೋದಗಳ ಸಾಲಿನಲ್ಲಿ ನಾಯಿಗಳ ವಿನೋದಕ್ಕೂ ಒಂದು ಜಾಗವಿದೆ. ಅಂದರೆ ಈಗಿನ ಮುಧೋಳ ನಾಯಿಗೆ ಮುಂಚೆಯೇ ಈ ನೆಲದಲ್ಲಿ ಬೇಟೆನಾಯಿ ಸಾಕುವ ಪರಂಪರೆ ಗಟ್ಟಿಯಾಗಿತ್ತು. ಉದ್ದ ಮೂತಿ, ಬಿಲ್ಲಿನಂಥ ಬೆನ್ನು, ಒಳಗೆ ಸೇದಿಕೊಂಡ ಹೊಟ್ಟೆಯ ಈ ಓಟದ ನಾಯಿ ಪರ್ಷಿಯಾ, ಅರೇಬಿಯಾ, ಮಧ್ಯ ಏಷ್ಯಾ ಕಡೆಯ ಸಲೂಕಿ, ತಾಜಿ ನಾಯಿಗಳ ಬಳಗದ್ದು. ವ್ಯಾಪಾರಿ ತಂಡಗಳು, ಸೈನ್ಯಗಳ ಜೊತೆ ದಖ್ಖನ್ನಿಗೆ ಬಂದವು ಎನ್ನುವುದು ಎಲ್ಲರೂ ಹೇಳುವ ಮಾತು. ಮಹಾರಾಷ್ಟ್ರದ ಕಡೆ ಕಾರವಾನ್ ಎಂಬ ಹೆಸರು ಬಂದದ್ದೂ ಅದಕ್ಕೇ.

ಮಾಲೋಜಿರಾವ್ ಘೋರ್ಪಡೆಯವರು ಪಟ್ಟಕ್ಕೆ ಬಂದದ್ದು 1900ರಲ್ಲಿ. 1937ರವರೆಗೆ ಆಳಿದರು. ಅವರು ಗಮನಿಸಿದ್ದು ಹಳ್ಳಿಗಳಲ್ಲಿ ಬೇಡರು ಬೇಟೆಗೆ ಇಟ್ಟುಕೊಂಡಿದ್ದ ನಾಯಿಗಳನ್ನೇ. ಆರಿಸಿ, ಕೂಡಿಸಿ, ತಳಿ ಶುದ್ಧ ಮಾಡಿದರು. ಇದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಒಂದು ಮಾತು ನೆನಪಿಡಬೇಕು. ರಾಜರು ಆರಿಸಲು ನಾಯಿಗಳು ಇದ್ದವು. ಯಾರೋ ಅವನ್ನು ಅಲ್ಲಿಯ ತನಕ ಉಣಿಸಿ ಇಟ್ಟಿದ್ದರು. ಅದೂ ಎಂಥ ಕಾಲದಲ್ಲಿ? 1876-78ರ ಬರದಲ್ಲಿ ಪಕ್ಕದ ಕಲಾದಗಿ ಜಿಲ್ಲೆ (ಅದೇ ಆಮೇಲೆ ಬಿಜಾಪುರ ಜಿಲ್ಲೆ ಆಯಿತು) ಹೇಗೆ ಬರಿದಾಯಿತು ಅಂದರೆ, 1872ರಲ್ಲಿ 8 ಲಕ್ಷ 16 ಸಾವಿರ ಇದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಐದರಲ್ಲಿ ಒಂದು ಪಾಲು ಜನ ಇಲ್ಲ! 1899-1900ರಲ್ಲಿ ಮತ್ತೆ ಬರ. ಮನುಷ್ಯನ ತಟ್ಟೆಯಲ್ಲಿ ಉಳಿದರೆ ತಾನೇ ನಾಯಿಗೆ? ಅಂಥ ಕಾಲ ದಾಟಿ ಬಂದ ನಾಯಿಗಳು ಇವು.

ಮೊದಲ ಇಪ್ಪತ್ತು ದಿನ: ತಾಯಿಯ ಹಾಲು

ಸುಮಾರು 63 ದಿನ ಗಬ್ಬದಲ್ಲಿದ್ದು ಹುಟ್ಟುವ ಕುನ್ನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಹಲ್ಲಿಲ್ಲ. ಮೈ ಬಿಸಿ ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಇಲ್ಲ. ಹೊಟ್ಟೆ ಖಾಲಿ ಮಾಡಿಕೊಳ್ಳುವುದಕ್ಕೂ ತಾಯಿ ನೆಕ್ಕಬೇಕು. ಅದರ ಕೈಲಾಗುವ ಕೆಲಸ ಒಂದೇ, ಚೀಪುವುದು.

ಮೊದಲ ದಿನದ ಗಿಣ್ಣದ ಹಾಲು ಬಹಳ ಮುಖ್ಯ. ನಾಯಿಯಲ್ಲಿ ರೋಗ ತಡೆಯುವ ಪ್ರತಿಕಾಯಗಳು ಗರ್ಭದಲ್ಲಿರುವಾಗ ಮರಿಗೆ ಹೋಗುವುದು ತೀರ ಕಡಿಮೆ, ಬಹುಪಾಲು ಬರುವುದು ಗಿಣ್ಣದಲ್ಲೇ. ಹುಟ್ಟಿದ ಕೆಲವು ಗಂಟೆ ಮಾತ್ರ ಕುನ್ನಿಯ ಕರುಳು ಆ ದೊಡ್ಡ ದೊಡ್ಡ ಪ್ರತಿಕಾಯಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಒಂದು ದಿನ ಕಳೆಯುವ ಹೊತ್ತಿಗೆ ಬಾಗಿಲು ಮುಚ್ಚಿತು. ಆಮೇಲೆ ಎಷ್ಟು ಕುಡಿಸಿದರೂ ಅದು ಬರೀ ಆಹಾರ, ರಕ್ಷಣೆ ಅಲ್ಲ.

ಇನ್ನೊಂದು ವಿಷಯ ಎಲ್ಲ ನಾಯಿ ಸಾಕುವವರಿಗೂ ಗೊತ್ತಿರಬೇಕಾದದ್ದು. ಮೈ ತಣ್ಣಗಾದ ಕುನ್ನಿಗೆ ಹಾಲು ಹಾಕಬಾರದು. ಮೈ ತಣ್ಣಗಾದರೆ ಕರುಳಿನ ಚಲನೆ ನಿಲ್ಲುತ್ತದೆ, ಹಾಕಿದ ಹಾಲು ಒಳಗೇ ನಿಂತು ಕೆಡುತ್ತದೆ, ಹೊಟ್ಟೆ ಉಬ್ಬುತ್ತದೆ. ಪಾಪ ಹಸಿದಿದೆ ಅಂತ ಕುಡಿಸಿದವರ ಕೈಯಲ್ಲೇ ಮರಿ ಸಾಯುತ್ತದೆ. ಮೊದಲು ನಿಧಾನಕ್ಕೆ ಮೈ ಬೆಚ್ಚಗಾಗಬೇಕು, ಆಮೇಲೆ ಹಾಲು. ಹಳ್ಳಿಯಲ್ಲಿ ಈದ ನಾಯಿಯನ್ನು ಹೊಟ್ಟಿನ ಮೂಲೆಯಲ್ಲಿ, ಕಣಿಕೆಯ ಬಣಿವೆಯ ಮಗ್ಗುಲಲ್ಲಿ, ಹಳೇ ಗೋಣಿತಟ್ಟಿನ ಮೇಲೆ ಮಲಗಿಸುವುದು ಬರೀ ಅಂತಃಕರಣ ಅಲ್ಲ, ಅದು ಜೀರ್ಣಶಕ್ತಿ ಕಾಯುವ ಕೆಲಸವೂ ಹೌದು. ಅದರಲ್ಲೂ ಈ ನಾಯಿ ತೆಳು ಚರ್ಮದ್ದು, ಗಿಡ್ಡ ಕೂದಲಿನದು. ಡಿಸೆಂಬರ್ ಚಳಿಯಲ್ಲಿ ಘಟಪ್ರಭೆಯ ದಂಡೆಯ ಹೊಲದಲ್ಲಿ ಒಂದು ರಾತ್ರಿ ಸಾಕು.

ತಾಯಿ ಸತ್ತರೆ ಅಥವಾ ಹಾಲು ಸಾಲದಿದ್ದರೆ? ಮನೆಯಲ್ಲಿದ್ದ ಎಮ್ಮೆಯ ಹಾಲೋ, ಆಡಿನ ಹಾಲೋ. ಇಲ್ಲಿ ಸ್ವಲ್ಪ ಲೆಕ್ಕ ನೋಡಿ. ನಾಯಿಯ ಹಾಲಿನಲ್ಲಿ ಕೊಬ್ಬು ಶೇ. 9ರ ಆಸುಪಾಸು, ಪ್ರೋಟೀನು 7-8, ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ 3-4. ಆಕಳ ಹಾಲಿನಲ್ಲಿ ಕೊಬ್ಬು ಸುಮಾರು 4, ಪ್ರೋಟೀನು 3.3ರಷ್ಟು, ಲ್ಯಾಕ್ಟೋಸ್ 5ರ ಹತ್ತಿರ. ಎಮ್ಮೆಯ ಹಾಲಿನಲ್ಲಿ ಕೊಬ್ಬು 7, ಪ್ರೋಟೀನು 4, ಲ್ಯಾಕ್ಟೋಸ್ 5. ಅಂದರೆ ಆಕಳ ಹಾಲು ಕುನ್ನಿಗೆ ತೆಳು, ಆದರೆ ಸಿಹಿ ಜಾಸ್ತಿ. ಅದಕ್ಕೆ ಇನ್ನಷ್ಟು ನೀರು ಬೆರೆಸಿದರಂತೂ ('ಗಟ್ಟಿ ಹಾಲು ಮರಿಗೆ ದಕ್ಕೋದಿಲ್ಲ' ಅಂತ ಬೆರೆಸುವವರು ಬಹಳ) ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಎಮ್ಮೆ ಹಾಲು ಕೊಬ್ಬಿನಲ್ಲಿ ಹತ್ತಿರ ಬರುತ್ತದೆ, ಪ್ರೋಟೀನಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಜೀರ್ಣವಾಗದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ನೀರು ಎಳೆದುಕೊಳ್ಳುತ್ತದೆ, ಮರಿ ತೆಳ್ಳಗೆ ಹೇಲುತ್ತದೆ, ಒಣಗುತ್ತದೆ. ತಾಯಿಯ ಹಾಲಿಗೆ ಸಮನಾದದ್ದು ಇಲ್ಲ ಎಂಬ ಮಾತು ಮನುಷ್ಯನ ಕೂಸಿಗೆ ಮಾತ್ರ ಹೇಳಿದ್ದಲ್ಲ.

ಆಮೇಲೆ ಜೋಳ

ಮೂರು ವಾರಕ್ಕೆ ಹಾಲುಹಲ್ಲು ಮೂಡುತ್ತವೆ. ತಾಯಿಗೆ ಕಚ್ಚುವಿಕೆ ತಡೆಯದಾಗಿ ಎದ್ದು ಹೋಗತೊಡಗುತ್ತದೆ. ಆಗ ನಮ್ಮ ಕಡೆಯ ಕುನ್ನಿಯ ಮುಂದೆ ಬರುವುದು ಏನು? ಹಾಲಲ್ಲಿ ನೆನೆಸಿ ಹಿಚುಕಿದ ಜೋಳದ ರೊಟ್ಟಿ, ನುಚ್ಚು, ಅಂಬಲಿ, ಮಜ್ಜಿಗೆ. ಮನೆಮಂದಿ ಏನು ಉಣ್ಣುತ್ತಾರೋ ಅದೇ.

ಬೇಟೆನಾಯಿಗೆ ರೊಟ್ಟಿಯೇ? ಎಂದು ಮೂಗು ಮುರಿಯುವವರಿದ್ದಾರೆ. ನಾಯಿ ತೋಳದ ಮಗು, ಅದಕ್ಕೆ ಹಸಿ ಮಾಂಸವೇ ಸರಿ ಎಂಬ ವಾದ ಈಗ ಜೋರಾಗಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಕೆಲಸ ಈ ವಾದದ ಬುಡಕ್ಕೇ ಕೈ ಹಾಕಿತು. 12 ತೋಳಗಳು, 14 ತಳಿಗಳ 60 ನಾಯಿಗಳ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟ ಒಡೆಯುವ ಅಮೈಲೇಸ್ ಎಂಬ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿ. ನಾಯಿಯಲ್ಲಿ 4ರಿಂದ 30! ಮನುಷ್ಯ ಬೇಸಾಯ ಕಲಿತಾಗ ಅವನ ಕಣದ ಪಕ್ಕ ಬಿದ್ದಿದ್ದ ಕಾಳು, ರೊಟ್ಟಿ, ಅಂಬಲಿ ದಕ್ಕಿಸಿಕೊಂಡ ನಾಯಿ ಉಳಿಯಿತು, ದಕ್ಕಿಸಿಕೊಳ್ಳದ್ದು ಕಾಡಿಗೆ ಹೋಯಿತು ಅಥವಾ ಸತ್ತಿತು. ರುಮೇನಿಯಾದಲ್ಲಿ ಸಿಕ್ಕ ಸುಮಾರು 7000 ವರ್ಷ ಹಿಂದಿನ ನಾಯಿಯ ಎಲುಬಿನಲ್ಲೂ ಈ ಹೆಚ್ಚಿನ ಪ್ರತಿಗಳು ಕಂಡಿವೆ. ಬೇಸಾಯ ಕಾಣದ ಹಿಮನಾಡಿನ ಹಸ್ಕಿ, ಆಸ್ಟ್ರೇಲಿಯಾದ ಡಿಂಗೋಗಳಲ್ಲಿ ಕಡಿಮೆ.

ಅಂದರೆ ರೊಟ್ಟಿ ತಿನ್ನುವ ಶಕ್ತಿ ನಾಯಿಗೆ ನಾವು ಹೇರಿದ ಶಿಕ್ಷೆಯಲ್ಲ, ಅದರ ರಕ್ತದಲ್ಲೇ ಬರೆದದ್ದು. ಆದರೆ ಒಂದು ಷರತ್ತು. ನಾಯಿಯ ಜೊಲ್ಲಿನಲ್ಲಿ ಆ ಕಿಣ್ವ ಇಲ್ಲ ಎನ್ನುವಷ್ಟು ಕಡಿಮೆ, ಎಲ್ಲ ಮೇದೋಜೀರಕದಿಂದಲೇ ಬರಬೇಕು. ಹುಟ್ಟಿದ ಕುನ್ನಿಯಲ್ಲಿ ಅದು ಬಹಳ ಕಡಿಮೆ, ಹಾಲು ಬಿಡುವ ಹೊತ್ತಿಗೆ ನಿಧಾನವಾಗಿ ಏರುತ್ತದೆ. ಹಾಲಿನ ಸಕ್ಕರೆ ಒಡೆಯುವ ಕಿಣ್ವ ಅದೇ ಹೊತ್ತಿಗೆ ನಿಧಾನವಾಗಿ ಇಳಿಯುತ್ತದೆ. ಒಂದು ಏರುವ, ಇನ್ನೊಂದು ಇಳಿಯುವ ಈ ನಾಲ್ಕೈದು ವಾರವೇ ಕುನ್ನಿಯ ಗಂಡಾಂತರದ ಕಾಲ. ಒಮ್ಮೆಲೆ ಹಾಲು ಬಿಡಿಸಿ ರೊಟ್ಟಿಗೆ ಹಾಕಿದರೆ ಪಿಷ್ಟ ದಕ್ಕುವುದಿಲ್ಲ. ದೊಡ್ಡದಾದ ಮೇಲೂ ಬರೀ ಹಾಲು ಸುರಿದರೆ ಹಾಲು ದಕ್ಕುವುದಿಲ್ಲ.

ಈಗ ಹಳ್ಳಿಯ ಪದ್ಧತಿ ನೋಡಿ. ಮೊದಲು ಹಾಲಲ್ಲಿ ಒಂದಿಷ್ಟು ರೊಟ್ಟಿ, ಬರಬರುತ್ತ ರೊಟ್ಟಿ ಜಾಸ್ತಿ ಹಾಲು ಕಡಿಮೆ, ಆಮೇಲೆ ಹಾಲಿನ ಬದಲು ಮಜ್ಜಿಗೆ. ಮೊಸರಾಗುವಾಗ ಲ್ಯಾಕ್ಟೋಸಿನ ಒಂದು ಭಾಗವನ್ನು ಬ್ಯಾಕ್ಟೀರಿಯಾ ಆಗಲೇ ಹುಳಿಯಾಗಿ ಮಾಡಿರುತ್ತವೆ. ಹಾಲು, ತುಪ್ಪ ಮನುಷ್ಯರಿಗೆ ಬೇಕು, ಮಜ್ಜಿಗೆ ನಾಯಿಗೆ ಸಾಕು ಎಂಬ ಮನೆಯ ಲೆಕ್ಕಾಚಾರದಿಂದ ಬಂದ ರೂಢಿ ಇರಬಹುದು. ಆದರೂ ಕುನ್ನಿಯ ಹೊಟ್ಟೆಯ ಲೆಕ್ಕಕ್ಕೆ ಅದು ಸರಿಯಾಗಿ ಕೂತಿತು.

ಬರೀ ಜೋಳವಾಗಿದ್ದರೆ?

ಇಲ್ಲಿಯವರೆಗೆ ಓದಿ 'ನೋಡಿ, ನಮ್ಮ ಹಿರಿಯರು ಎಂಥ ಬುದ್ಧಿವಂತರು, ಜೋಳವೇ ಅಮೃತ' ಅಂತ ಮುಗಿಸಬಹುದಿತ್ತು. ಆದರೆ ಇತಿಹಾಸ ಅಷ್ಟಕ್ಕೇ ಬಿಡುವುದಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ (ನಮ್ಮ ಗೋವಿನಜೋಳ) ನೆಚ್ಚಿಕೊಂಡಿದ್ದ ಬಡವರಿಗೆ ಪೆಲ್ಲಾಗ್ರಾ ಎಂಬ ರೋಗ ಬರುತ್ತಿತ್ತು. ಚರ್ಮ ಕಪ್ಪಾಗಿ ಸುಲಿಯುವುದು, ಬೇಧಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಅದೇ ಆಹಾರ ತಿಂದ ನಾಯಿಗಳಿಗೆ ಬಾಯಿ ಹುಣ್ಣಾಗಿ ನಾಲಿಗೆ ಕಪ್ಪಾಗುತ್ತಿತ್ತು, ರಕ್ತಬೇಧಿಯಾಗಿ ಸಾಯುತ್ತಿದ್ದವು. ಅದಕ್ಕೆ 'ಕಪ್ಪು ನಾಲಿಗೆ' ರೋಗ ಎಂದೇ ಹೆಸರು. ಜೋಸೆಫ್ ಗೋಲ್ಡ್‌ಬರ್ಗರ್ 1920ರ ದಶಕದಲ್ಲಿ ಎರಡೂ ಒಂದೇ ಬಗೆಯ ಕೊರತೆ ಎಂದು ಕಂಡುಕೊಂಡರು. 1937ರಲ್ಲಿ ವಿಸ್ಕಾನ್ಸಿನ್ನಿನ ಎಲ್ವೆಜೆಮ್ ಮತ್ತು ಜೊತೆಗಾರರು ನಿಕೋಟಿನಿಕ್ ಆಮ್ಲ, ಅಂದರೆ ನಿಯಾಸಿನ್ ಕೊಟ್ಟು ಕಪ್ಪು ನಾಲಿಗೆಯ ನಾಯಿಗಳನ್ನು ಬದುಕಿಸಿದರು. ಮನುಷ್ಯನ ಪೆಲ್ಲಾಗ್ರಾಕ್ಕೆ ಮದ್ದು ಸಿಕ್ಕಿದ್ದು ನಾಯಿಯ ನಾಲಿಗೆಯಿಂದ!

ಇದು ಎಲ್ಲಿಯೋ ನಡೆದ ಕಥೆ ಅಂದುಕೊಳ್ಳಬೇಡಿ. ದಖ್ಖನ್ನಿನಲ್ಲಿ ಜೋಳ ತಿನ್ನುವ ಬಡವರಲ್ಲೂ ಪೆಲ್ಲಾಗ್ರಾ ಇತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ (1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದದ್ದು, 1969ರಿಂದ ರಾಷ್ಟ್ರೀಯ ಪೋಷಣಾ ಸಂಸ್ಥೆ) ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಈ ವಿಷಯ ಬರೆದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದರಿಂದ ದೇಹದಲ್ಲಿ ನಿಯಾಸಿನ್ನಿನ ಲೆಕ್ಕ ತಪ್ಪುತ್ತದೆ ಎಂಬುದು ಅವರ ವಾದ. 1965ರಲ್ಲಿ ಅದೇ ಸಂಸ್ಥೆಯ ಬೆಳವಾಡಿ ಮತ್ತು ಗೋಪಾಲನ್ ನಾಯಿಗಳಿಗೆ ಜೋಳದ ಆಹಾರವನ್ನೇ ಕೊಟ್ಟು ನೋಡಿದರು. ಕಪ್ಪು ನಾಲಿಗೆ ಬಂತು. ಲ್ಯೂಸಿನ್ ವಾದವನ್ನು ಆಮೇಲೆ ಎಲ್ಲರೂ ಒಪ್ಪಲಿಲ್ಲ, ಆದರೆ ಜೋಳವನ್ನೇ ನೆಚ್ಚಿದ ನಾಯಿ ಉಳಿಯುವುದಿಲ್ಲ ಎಂಬುದು ಮಾತ್ರ ಕಣ್ಣಿಗೆ ಕಂಡ ಸತ್ಯ.

ಜೋಳಕ್ಕೆ ಇನ್ನೂ ಎರಡು ಕೊರತೆಗಳಿವೆ. ಬೆಳೆಯುವ ಮೈಗೆ ಬೇಕಾದ ಲೈಸಿನ್ ಅದರಲ್ಲಿ ಕಡಿಮೆ. ನೀರಿನಲ್ಲಿ ಬೇಯಿಸಿದಾಗ ಅದರ ಪ್ರೋಟೀನು ಗಂಟುಕಟ್ಟಿಕೊಂಡು ಜೀರ್ಣವಾಗುವುದು ಇನ್ನೂ ಕಡಿಮೆಯಾಗುತ್ತದೆ, ಹುಳಿ ಬರಿಸಿದರೆ ಒಂದಷ್ಟು ಸುಧಾರಿಸುತ್ತದೆ. ಹುಳಿ ಅಂಬಲಿ ಸುಮ್ಮನೆ ಹುಟ್ಟಿದ್ದಲ್ಲ ನೋಡಿ.

ಎಲುಬಿನ ಮಾತು ಬೇರೆಯೇ ಇದೆ. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್‌ಬಿ ಎಂಬ ವೈದ್ಯ ಮೊದಲ ಮಹಾಯುದ್ಧದ ಕಾಲದಲ್ಲಿ ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗದ ಕಾರಣ ಹುಡುಕುತ್ತಿದ್ದ. ಅವನು ಪ್ರಯೋಗಕ್ಕೆ ಆರಿಸಿಕೊಂಡದ್ದು ಕುನ್ನಿಗಳನ್ನೇ, ಯಾಕೆಂದರೆ ಬೇಗ ಬೆಳೆಯುತ್ತವೆ. ಮನೆಯೊಳಗೇ ಇಟ್ಟು ಬ್ರೆಡ್ಡು, ಓಟ್ಸ್ ಗಂಜಿ, ಕೆನೆ ತೆಗೆದ ಹಾಲು ಹಾಕಿದ ಕುನ್ನಿಗಳ ಕಾಲು ಸೊಟ್ಟಗಾದವು. ಕಾಡ್ ಮೀನಿನ ಎಣ್ಣೆ ಕೊಟ್ಟವು ನೆಟ್ಟಗೆ ಬೆಳೆದವು. 1919ರಲ್ಲಿ ಇದು ಪ್ರಕಟವಾಯಿತು. ಆ ಎಣ್ಣೆಯಲ್ಲಿದ್ದ ಅಂಶಕ್ಕೆ ಆಮೇಲೆ ವಿಟಮಿನ್ ಡಿ ಎಂಬ ಹೆಸರು ಬಂತು. ಕಾಳಿನಲ್ಲಿರುವ ಫೈಟಿಕ್ ಆಮ್ಲ ಸುಣ್ಣದ ಅಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ ಎಂಬುದೂ ಅವನ ಮುಂದಿನ ಕೆಲಸದಿಂದ ಗೊತ್ತಾಯಿತು. ನಮ್ಮ ಬಿಸಿಲಿನಲ್ಲಿ ವಿಟಮಿನ್ ಡಿಗೇನು ಕೊರತೆ ಅಂತೀರಾ? ಮನುಷ್ಯನಿಗೆ ಸರಿ. ನಾಯಿಯ ಚರ್ಮ ಬಿಸಿಲಿನಿಂದ ಅದನ್ನು ತಯಾರಿಸಿಕೊಳ್ಳುವುದು ತೀರಾ ಅಲ್ಪ ಎಂದು 1990ರ ದಶಕದಲ್ಲಿ ತೋರಿಸಿದ್ದಾರೆ. ಅದು ತಿಂದೇ ಪಡೆಯಬೇಕು.

ಹಾಗಾದರೆ ನಮ್ಮ ಕುನ್ನಿ ಹೇಗೆ ಉಳಿಯಿತು? ನನಗೆ ತೋರುವ ಉತ್ತರ ಸರಳ. ರೊಟ್ಟಿಯ ಜೊತೆಗಿದ್ದ ಎರಡು ವಸ್ತುಗಳಿಂದ. ಒಂದು, ಹಾಲು-ಮಜ್ಜಿಗೆ. ಹಾಲಿನ ಪ್ರೋಟೀನಿನಲ್ಲಿ ಟ್ರಿಪ್ಟೋಫೇನ್ ಇದೆ, ನಾಯಿಯ ದೇಹ ಅದರಿಂದ ನಿಯಾಸಿನ್ ಮಾಡಿಕೊಳ್ಳಬಲ್ಲದು. ಲೈಸಿನ್ ಇದೆ, ಸುಣ್ಣ ಇದೆ. ಎರಡು, ಬೇಟೆ. ಮೊಲ ಹೊಡೆದ ದಿನ ಮಾಂಸ ಮನೆಗೆ, ಕರುಳು-ಪಚ್ಚಿ, ಕಾರಿಜ, ಎಲುಬಿನ ಪಾಲು ನಾಯಿಗೆ. ಕಾರಿಜದಲ್ಲಿ ನಿಯಾಸಿನ್ನೂ ಇದೆ, ಇತರ ವಿಟಮಿನ್ನುಗಳೂ ಇವೆ. ವಾರಕ್ಕೆ ಒಂದು ಸಲ ಸಿಕ್ಕರೂ ಅದು ಔಷಧಿ. ಜೋಳ ಹೊಟ್ಟೆ ತುಂಬಿಸಿತು, ಹಾಲು ಮತ್ತು ಬೇಟೆ ಜೀವ ಉಳಿಸಿದವು. ಯಾವ ಮನೆಯಲ್ಲಿ ಎಮ್ಮೆ, ಆಡು ಇದ್ದವೋ, ಯಾವ ಮನೆಯಾಕೆ ಒಂದು ಚರಿಗೆ ಮಜ್ಜಿಗೆ ನಾಯಿಗೂ ತೆಗೆದಿಡುತ್ತಿದ್ದಳೋ ಅಲ್ಲಿ ಕುನ್ನಿ ಬದುಕಿತು. ಯಾವ ದಾಖಲೆಯಲ್ಲೂ ಅವಳ ಹೆಸರಿಲ್ಲ.

ಎರಡು ತಿರುವುಗಳು

1948ರ ಮಾರ್ಚಿನಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು. ಅರಮನೆಯ ಆಸರೆ ಹೋಯಿತು. ಇದನ್ನು ಎಲ್ಲರೂ ಬರೆಯುತ್ತಾರೆ. ಯಾರೂ ಬರೆಯದ ತಿರುವು 1972ರದು. ಆ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ಅಪರಾಧವಾಯಿತು. ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಂದು ಕಾಲಕ್ಕೆ ಈ ನಾಯಿಗಳು ಬೆನ್ನಟ್ಟುತ್ತಿದ್ದ ಚಿಂಕಾರಗಳಿಗೆ ಈಗ ಬೀಳಗಿ-ಮುಧೋಳ ತಾಲೂಕುಗಳ ನಡುವೆ ಯಡಹಳ್ಳಿ ವನ್ಯಧಾಮವೇ ಇದೆ. ಆದರೆ ನಾಯಿಯ ತಟ್ಟೆಯ ಕಡೆಯಿಂದ ನೋಡಿದರೆ, ಕೆಲಸದ ಜೊತೆಗೆ ಮಾಂಸದ ಪಾಲೂ ಹೋಯಿತು. ಉಳಿದದ್ದು ರೊಟ್ಟಿ ಮತ್ತು ಹಾಲು.

ಆಮೇಲೆ ನೀರಾವರಿ ಬಂತು. ಘಟಪ್ರಭೆ, ಕೃಷ್ಣೆಯ ನೀರು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ. ಬಿಳಿಜೋಳದ ಹೊಲಗಳು ಕಡಿಮೆಯಾದವು. ನಾಯಿಯ ಗಂಜಿಯೂ ಗೋವಿನಜೋಳಕ್ಕೆ ತಿರುಗಿತು, ಅದೇ ಪೆಲ್ಲಾಗ್ರಾದ ಧಾನ್ಯಕ್ಕೆ. ಹಾಲು ಡೇರಿಗೆ ಹೋಗತೊಡಗಿತು. ಹಾಲು ರೊಕ್ಕವಾದ ಮೇಲೆ ನಾಯಿಯ ಪಾಲು ಸಣ್ಣದಾಗುವುದು ಸಹಜ ತಾನೇ?

ಕರುಳಿಗೇ ಬಂದ ಕಂಟಕ

ಇಷ್ಟರ ಮಧ್ಯೆ ಹೊಸ ಶತ್ರು ಬಂದ. 1978ರಲ್ಲಿ ಪ್ರಪಂಚದ ಹಲವು ದೇಶಗಳಲ್ಲಿ ಒಮ್ಮೆಲೆ ಕುನ್ನಿಗಳು ವಾಂತಿ, ರಕ್ತಬೇಧಿಯಿಂದ ಸಾಯತೊಡಗಿದವು. ಅದು ಪಾರ್ವೊ ವೈರಸ್, ಅದಕ್ಕೆ ಮುಂಚೆ ನಾಯಿಗಳಲ್ಲಿ ಕಂಡಿರದ ಬಗೆ. 1980ರ ದಶಕದ ಆರಂಭಕ್ಕೆ ಭಾರತದಲ್ಲೂ ಕಾಣಿಸಿತು. ಈ ವೈರಸ್ ಹುಡುಕುವುದು ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು. ಕರುಳಿನ ಒಳಪದರ ದಿನದಿನವೂ ಹೊಸದಾಗುತ್ತಿರುತ್ತದೆ. ಅದರ ಬೇರಿಗೇ ವೈರಸ್ ಕೈ ಹಾಕುತ್ತದೆ. ಒಳಪದರ ಕಳಚಿದರೆ ಜೀರ್ಣವೂ ಇಲ್ಲ, ಹೀರಿಕೆಯೂ ಇಲ್ಲ, ಕರುಳಿನ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ.

ಇನ್ನೊಂದು ಸಂಗತಿ ಕೇಳಿ. ಹಾಲು ಬಿಟ್ಟು ಹೊಸ ಆಹಾರಕ್ಕೆ ಹೊರಳುವ ವಾರಗಳಲ್ಲಿ ಕರುಳಿನ ಕೋಶಗಳು ಇನ್ನೂ ವೇಗವಾಗಿ ಒಡೆಯುತ್ತವೆ. ಗಿಣ್ಣದಿಂದ ಬಂದ ರಕ್ಷಣೆ ಇಳಿಯುವುದೂ ಅದೇ ಆಸುಪಾಸಿನಲ್ಲಿ. ಮರಿಯನ್ನು ತಾಯಿಯಿಂದ ಬಿಡಿಸಿ, ಮಾರಿ, ಬಸ್ಸಿನಲ್ಲಿ ಊರಿಂದೂರಿಗೆ ಒಯ್ಯುವುದೂ ಆಗಲೇ. ಮೂರೂ ಒಂದೇ ದಿನ ಕೂಡಿದರೆ ಏನಾಗಬೇಕು?

ಜೊತೆಗೆ ಹೊಟ್ಟೆಹುಳ. ತಾಯಿಯ ಮೈಯಲ್ಲಿ ಸುಮ್ಮನೆ ಮಲಗಿದ್ದ ದುಂಡುಹುಳದ ಮರಿಗಳು ಗಬ್ಬದಲ್ಲಿರುವಾಗಲೇ ಎದ್ದು ಕುನ್ನಿಯ ಮೈ ಸೇರುತ್ತವೆ, ಹಾಲಿನಲ್ಲೂ ಬರುತ್ತವೆ. ಹಾಗಾಗಿ ಹುಟ್ಟಿದ ಎರಡು ವಾರಕ್ಕೇ ಜಂತಿನ ಔಷಧಿ ಶುರು ಮಾಡಿ ಎರಡು ವಾರಕ್ಕೊಮ್ಮೆ ಕೊಡಬೇಕು ಅಂತಾರೆ ಪಶುವೈದ್ಯರು. ಡೊಳ್ಳುಹೊಟ್ಟೆ, ಕಡ್ಡಿ ಕಾಲಿನ ಕುನ್ನಿಯನ್ನು ನೋಡಿ 'ಚೆನ್ನಾಗಿ ಉಂಡೈತಿ' ಅನ್ನುವವರನ್ನು ನಾನೇ ಕಂಡಿದ್ದೇನೆ. ಉಂಡದ್ದು ಕುನ್ನಿಯಲ್ಲ, ಹುಳ.

ಪೇಟೆಗೆ ಹೋದ ಕುನ್ನಿ

2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮೇಲೆ, 2016ರಲ್ಲಿ ಮೀರತ್ತಿನ ಸೇನಾ ತರಬೇತಿ ಕೇಂದ್ರಕ್ಕೆ ಕುನ್ನಿಗಳು ಹೋದ ಮೇಲೆ, 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ ಮೇಲೆ ಬೇಡಿಕೆ ಏರಿತು. ಅದೇ 2020ರಲ್ಲಿ ರಾಜಪಾಳಯಂ, ಚಿಪ್ಪಿಪಾರೈ ಜೊತೆ ಮುಧೋಳವೂ ದೇಶದ ಅಧಿಕೃತ ನಾಯಿ ತಳಿಗಳ ಮೊದಲ ಪಟ್ಟಿ ಸೇರಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ 2009-10ರ ಹೊತ್ತಿಗೇ ಬಂದಿತ್ತು. ಸುತ್ತಲಿನ ರೈತಾಪಿ ಮನೆಗಳಿಗೆ ಕುನ್ನಿ ಮಾರಾಟ ಒಂದು ಆದಾಯವಾಗಿದೆ. ಒಳ್ಳೆಯದೇ.

ಆದರೆ ಬೆಂಗಳೂರು, ಪುಣೆಗೆ ಹೋದ ಕುನ್ನಿಗಳ ಕಥೆ ಕೇಳಿದರೆ ಎರಡು ತಪ್ಪು ಪದೇಪದೇ ಕಾಣುತ್ತವೆ. ಒಂದು, ಪಕ್ಕೆಲುಬು ಕಾಣುವುದು ಈ ತಳಿಯ ಲಕ್ಷಣ ಎಂದು ಗೊತ್ತಿಲ್ಲದೆ 'ಅಯ್ಯೋ ಸೊರಗಿದೆ' ಅಂತ ತುರುಕುವುದು. 1974ರಲ್ಲಿ ಅಮೆರಿಕದಲ್ಲಿ ಗ್ರೇಟ್ ಡೇನ್ ಕುನ್ನಿಗಳಿಗೆ ಹೊಟ್ಟೆಬಿರಿಯೆ ತಿನ್ನಿಸಿ ನೋಡಿದಾಗ ಎಲುಬು-ಕೀಲುಗಳೇ ಕೆಟ್ಟಿದ್ದವು. ಇನ್ನೊಂದು, ಬರೀ ಮಾಂಸ. ಎಲುಬಿಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಸುಣ್ಣ ಇಲ್ಲವೇ ಇಲ್ಲ ಎನ್ನಬಹುದು. ಕುನ್ನಿಯ ದೇಹ ತನ್ನ ಎಲುಬಿನಿಂದಲೇ ಸುಣ್ಣ ಕೀಳುತ್ತದೆ. ಗಂಟೆಗೆ ಹತ್ತಾರು ಕಿಲೋಮೀಟರ್ ಓಡಬೇಕಾದ ಕಾಲು ನಿಲ್ಲಲಾರದಂತಾಗುತ್ತದೆ.

ಇದಕ್ಕೆ ವಿರುದ್ಧ ತುದಿಯವರೂ ಇದ್ದಾರೆ. 'ನಮ್ಮಜ್ಜನ ಕಾಲದಿಂದ ರೊಟ್ಟಿ ತಿಂದು ಬೆಳೆದ ನಾಯಿ, ಮತ್ತೇನೂ ಬೇಡ' ಅನ್ನುವವರು. ಅವರಿಗೆ ನಾನು ಹೇಳುವುದು ಇಷ್ಟೆ: ಅಜ್ಜನ ಕಾಲದ ನಾಯಿ ಬರೀ ರೊಟ್ಟಿ ತಿನ್ನಲಿಲ್ಲ. ಅಜ್ಜಿಯ ಮಜ್ಜಿಗೆ ಇತ್ತು, ಹೊಲದ ಮೊಲ ಇತ್ತು. ಅವೆರಡನ್ನೂ ತೆಗೆದು ರೊಟ್ಟಿಯೊಂದನ್ನೇ ಉಳಿಸಿಕೊಂಡರೆ ಅದು ಸಂಪ್ರದಾಯ ಅಲ್ಲ, ಸಂಪ್ರದಾಯದ ಸಿಪ್ಪೆ. ಮೊಲದ ಜಾಗಕ್ಕೆ ಬೆಂದ ಮೊಟ್ಟೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಒಂದಿಷ್ಟು ಕಾರಿಜ ಬರಲಿ. ಹಾಲು ಡೇರಿಗೆ ಹೋದರೂ ಮಜ್ಜಿಗೆ ಇರಲಿ. ಲಸಿಕೆ, ಜಂತಿನ ಔಷಧಿ ತಪ್ಪದಿರಲಿ. ಕುನ್ನಿ ಒಯ್ಯುವವರು ಎರಡು ತಿಂಗಳು ತುಂಬುವ ಮೊದಲು ಒಯ್ಯದಿರಲಿ, ಅದು ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದುದನ್ನೇ ಮೊದಲ ವಾರ ಹಾಕಲಿ.

'ಅನ್ನ ಹಳಸಿತ್ತು, ನಾಯಿ ಹಸಿದಿತ್ತು' ಅಂತ ಗಾದೆ ಇದೆ. ನಾಯಿ ಏನು ಹಾಕಿದರೂ ತಿನ್ನುತ್ತದೆ ಎಂಬ ಉದಾಸೀನ ಆ ಗಾದೆಯಲ್ಲಿದೆ. ದೊಡ್ಡ ನಾಯಿ ತಿಂದೀತು, ದಕ್ಕಿಸಿಕೊಂಡೀತು. ಕುನ್ನಿಗೆ ಆ ಗಾದೆ ಹೊಂದುವುದಿಲ್ಲ.

ರಾಜರು ತಳಿಗೆ ಹೆಸರು ಕೊಟ್ಟರು. ಅದಕ್ಕೆ ಜೀವ ಕೊಟ್ಟದ್ದು ರೊಟ್ಟಿ ಬಡಿಯುವ ಕೈಗಳು. ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜಿಯ ಕಾಲದಲ್ಲಿ ಈದ ನಾಯಿಗೆ ಏನು ಹಾಕುತ್ತಿದ್ದರು, ಕುನ್ನಿಗೆ ಮೊದಲ ತುತ್ತು ಏನಿತ್ತು? ಜಮಖಂಡಿ, ಬೀಳಗಿ ಕಡೆಯವರು, ಬನಹಟ್ಟಿಯ ನೇಕಾರರ ಮನೆಯವರು ಯಾರಾದರೂ ಓದುತ್ತಿದ್ದರೆ ಕೆಳಗೆ ಎರಡು ಸಾಲು ಬರೆಯಿರಿ. ಹೇಳುವ ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳೋಣ.